ಬರಿದಾಗಿ ಮರಳುತ್ತಿದ್ದ ಡಬ್ಬಿ

ಸಂಶಯಪಡುವುದು ನನ್ನ ನೌಕರಿ. ಬೀದರಿನಿಂದ ಭಾಲ್ಕಿಗೆ, ಔರಾದಿಗೆ ಓಡುವ ಬಸ್ಸುಗಳನ್ನು ನಡುದಾರಿಯಲ್ಲಿ ನಿಲ್ಲಿಸಿ, ಹತ್ತಿ, ಟಿಕೆಟ್ ನೋಡುವವನು ನಾನು. ಇಷ್ಟು ವರ್ಷಗಳಲ್ಲಿ ಒಂದು ಸಂಗತಿ ಚೆನ್ನಾಗಿ ತಿಳಿದಿದೆ. ಟಿಕೆಟ್ ಇಲ್ಲದವನು ಕಿಟಕಿಯಾಚೆ ನೋಡುತ್ತಾನೆ, ಇಲ್ಲವೇ ಇದ್ದಕ್ಕಿದ್ದಂತೆ ನಿದ್ದೆ ಹೋಗುತ್ತಾನೆ. ಟಿಕೆಟ್ ಇದ್ದವರೇ ಗಾಬರಿಯಾಗಿ ಜೇಬು, ಚೀಲ, ಸೆರಗಿನ ಗಂಟು ಎಲ್ಲ ತಡಕಾಡುವುದು. ಕೇಳುವ ಮೊದಲೇ ಕೈ ಮುಂದೆ ಚಾಚುತ್ತಾರೆ. ಅದನ್ನು ನಾನು ಮರ್ಯಾದೆ ಎಂದು ತಿಳಿದಿದ್ದೆ, ನೋಡಿ ಒಳಗೊಳಗೇ ಖುಷಿಪಡುತ್ತಿದ್ದೆ.

ಮನೆಯಲ್ಲೂ ನಾನು ಅದೇ ಮನುಷ್ಯ. "ಡ್ಯೂಟಿ ಮುಗೀತಲ್ರಿ, ಇನ್ನರ ಟಿಕೀಟ್ ಕೇಳೋದು ಬಿಡ್ರಿ," ಎಂದು ಹೆಂಡತಿ ಆಗಾಗ ಚುಚ್ಚುತ್ತಾಳೆ. ಹಾಲು ನೀರಾಗಿದೆಯೇ, ಗ್ಯಾಸಿನವನು ಸಿಲಿಂಡರ್ ಅರ್ಧ ತಂದನೇ ಎಂದು ನಾನು ನೋಡದಿದ್ದರೆ ಯಾರು ನೋಡಬೇಕು?

ನಮಗೆ ಒಬ್ಬಳೇ ಮಗಳು. ಈಗ ಹೇಳುತ್ತಿರುವ ಕಾಲಕ್ಕೆ ಅವಳಿಗೆ ಏಳು ವರ್ಷ. ದುಂಡಗಿದ್ದಳು, ಮುದ್ದಾಗಿದ್ದಳು, ನಾವು ಗಲ್ಲ ಹಿಂಡಿ ಖುಷಿಪಡುತ್ತಿದ್ದೆವು. ಒಂದು ದಿನ ಸಾಲೆಯ ಆಟೋಟದಲ್ಲಿ ಓಟಕ್ಕೆ ನಿಂತವಳು ಅರ್ಧಕ್ಕೇ ಕೂತುಬಿಟ್ಟಳು. ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತಿದ್ದಳು. ಉಳಿದ ಮಕ್ಕಳ ತಂದೆತಾಯಂದಿರು ನಕ್ಕರು. ನನಗೆ ಸಿಟ್ಟು ಬಂತು, ಸಿಟ್ಟಿನ ಕೆಳಗೆ ಹೆದರಿಕೆಯೂ ಇತ್ತು. ಮರುದಿನವೇ ಮಕ್ಕಳ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು.

ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, "ರೋಗ ಏನಿಲ್ರಿ, ಗುಳಿಗಿ ಬ್ಯಾಡ," ಎಂದರು. "ಬಾಟಲಿ ಜ್ಯೂಸು, ಪಾಕೀಟಿನ ಕುರುಕಲು, ಸಿಹಿ ಕಡಿಮಿ ಮಾಡ್ರಿ. ರೊಟ್ಟಿ, ಬ್ಯಾಳಿ, ಪಲ್ಯ ಮನಿಮಂದೆಲ್ಲ ಕೂಡಿ ಉಣ್ರಿ. ದಿನಾ ಮನಸಾರ ಆಡ್ಲಾಕ ಬಿಡ್ರಿ. ದಪ್ಪ ಅಂತ ಆಡಿಕೋಬ್ಯಾಡ್ರಿ, ಕೂಸಿನ ಮ್ಯಾಲ ಕಾವಲ ಕೂಡಬ್ಯಾಡ್ರಿ."

ಒಂದು ಗುಳಿಗೆಯನ್ನೂ ಬರೆಯದ ಡಾಕ್ಟರು! ಮೆಟ್ಟಿಲಿಳಿಯುವಾಗಲೇ ನನಗೆ ಸಂಶಯ ಶುರುವಾಯಿತು. ಅವರು ಹೇಳಿದ್ದರಲ್ಲಿ ನನಗೆ ಬೇಕಾದಷ್ಟನ್ನು ಇಟ್ಟುಕೊಂಡೆ, ಕಾವಲಿನ ಮಾತನ್ನು ಅಲ್ಲೇ ಬಿಟ್ಟು ಬಂದೆ.

ಮನೆಯಲ್ಲಿ ಕಾಯಿದೆ ಜಾರಿಯಾಯಿತು. ಬಿಸ್ಕಿಟು, ಚೂಡಾ, ಶೇಂಗಾ ಉಂಡಿ ಎಲ್ಲ ಬಂದ್. ನಾನು ಮಾತ್ರ ಭಾಲ್ಕಿ ಸ್ಟ್ಯಾಂಡಿನಲ್ಲಿ ಬಿಸಿ ಮಿರ್ಚಿ ಭಜಿ ತಿಂದು ಬಾಯಿ ಒರೆಸಿಕೊಂಡು ಬರುತ್ತಿದ್ದೆ, ಅದು ಬೇರೆ ಮಾತು. ಆದರೆ ನಮ್ಮಂಥ ಮನೆಗೆ ಸಿಹಿ ಬರುವುದನ್ನು ಯಾರು ತಡೆಯಲಾದೀತು? ಇವತ್ತು ನೆಂಟರ ಮನೆಯ ತೊಟ್ಟಿಲ ಲಾಡು, ನಾಳೆ ಮಠದಲ್ಲಿ ಪುರಾಣ ಮುಗಿದದ್ದಕ್ಕೆ ದಾಸೋಹದ ಗೋಧಿ ಹುಗ್ಗಿ. ಬೇಡ ಅನ್ನುವಂತಿಲ್ಲ. ಪ್ರಸಾದವನ್ನು ಎಸೆಯುವುದಂತೂ ದೂರದ ಮಾತು. ತಟ್ಟೆಯಲ್ಲಿ ಅಗುಳು ಬಿಟ್ಟರೂ ನನ್ನ ತಾಯಿ ಬೆನ್ನಿಗೆ ಗುದ್ದುತ್ತಿದ್ದಳು, ಅದೇ ಪಾಠ ನಾನು ಮಗಳಿಗೂ ಹೇಳಿದ್ದೆ.

ಆಗ ನನಗೆ ಒಂದು ಉಪಾಯ ಹೊಳೆಯಿತು. ನಾವಿರುವುದು ಬೀದರಿನ ಚಿದ್ರಿಯಲ್ಲಿ. ನಮ್ಮ ಓಣಿ ದಾಟಿ, ಕಿರಾಣಿ ಅಂಗಡಿ ಬಳಸಿ ಹೋದರೆ ಒಬ್ಬ ಮುಸ್ಲಿಂ ಅಜ್ಜಿಯ ಮನೆ. ನಾವೆಲ್ಲ ಅವರನ್ನು ಅಮ್ಮೀ ಅನ್ನುತ್ತೇವೆ. ಮೊಮ್ಮಕ್ಕಳು ತುಂಬಿದ ಮನೆ, ಸಿಹಿ ಕಳಿಸಿದರೆ ಗಳಿಗೆಯಲ್ಲಿ ಖಾಲಿ. ಮನೆಗೆ ಬಂದದ್ದನ್ನೆಲ್ಲ ಸ್ಟೀಲ್ ಡಬ್ಬಿಗೆ ತುಂಬಿ ಮಗಳ ಕೈಯಲ್ಲೇ ಅಲ್ಲಿಗೆ ಕಳಿಸುವುದೆಂದು ಠರಾಯಿಸಿದೆ. ಸಿಹಿಯೂ ಮನೆಯಿಂದ ಹೊರಗೆ, ಮಗಳಿಗೂ ನಡಿಗೆ. ನನ್ನ ಬುದ್ಧಿಗೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಡಬ್ಬಿ ಹೋಗುತ್ತಿತ್ತು, ಬರುತ್ತಿತ್ತು. ಬರುವಾಗ ತೊಳೆದು, ಇನ್ನೂ ನೀರು ತೊಟ್ಟಿಕ್ಕುತ್ತ ಬರುತ್ತಿತ್ತು. ಅಮ್ಮೀ ಎಷ್ಟು ಶುಚಿ ಎಂದು ನಾನು ಹೊಗಳಿದೆ. ಹೆಂಡತಿ ಮಾತ್ರ ಮುಖ ಊದಿಸಿದಳು.

"ಹಬ್ಬಕ್ಕ ಸುದ್ದಾ ಡಬ್ಬಿ ಖಾಲಿ ಬರ್ತದ ನೋಡ್ರಿ. ಒಂದು ಚಿಟಿಕಿ ಸಕ್ಕರಿ ಸುದ್ದಾ ಹಾಕಲ್ಲ. ಅವರಿಗಿ ನಮ್ಮ ಮ್ಯಾಲ ಏನೋ ಅದ."

ಅವಳಿಗೆ ಅದು ಸಣ್ಣ ಮಾತಾಗಿರಲಿಲ್ಲ. ನೀರಿನ ಸರದಿಯಲ್ಲಿ ಅಮ್ಮೀ ಎದುರಾದರೂ ಮೊದಲಿನಂತೆ ನಿಂತು ಮಾತಾಡುವುದನ್ನು ಬಿಟ್ಟಳು. "ಹೆಂಗಸರ ಲೆಕ್ಕಾಚಾರ," ಎಂದು ನಾನು ನಕ್ಕು ಸುಮ್ಮನಾದೆ.

ಕೆಲವು ತಿಂಗಳಾದ ಮೇಲೆ ತೂಕ ನೋಡಿಸಿದೆವು. ಮುಳ್ಳು ಇಳಿಯುವುದಿರಲಿ, ಮುಂದೆ ಸರಿದಿತ್ತು. ನನಗೆ ತಲೆ ಕೆಟ್ಟುಹೋಯಿತು. ಮನೆಯಲ್ಲಿ ಚಿಟಿಕೆ ಸಿಹಿ ಇಲ್ಲ, ಹಾಗಾದರೆ ಕೂಸಿನ ಹೊಟ್ಟೆಗೆ ಎಲ್ಲಿಂದ ಹೋಗುತ್ತಿದೆ? ಯಾರೋ ಕೊಡುತ್ತಿದ್ದಾರೆ. ಯಾರು?

ಮೊದಲು ಕಿರಾಣಿ ಅಂಗಡಿಯವನ ಮೇಲೆ ಕಣ್ಣು ಹೋಯಿತು. ರಜೆಯ ದಿನ ಎದುರು ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತೆ. "ಸಾಹೇಬರ, ಪೇಪರ್ ತಲಿಕೆಳಗ ಹಿಡಿದೀರಿ," ಎಂದು ಅವನೇ ಕೂಗಿದ. ಆಮೇಲೆ ಸಾಲೆಯ ಆಟೋದವನು. ಆಮೇಲೆ ಹೆಂಡತಿ. ಅವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಕಡೆಗೆ ಅತ್ತೆ. ಅವರಿರುವುದು ಭಾಲ್ಕಿಯಲ್ಲಿ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ ಮೇಲೆ ಮೊಮ್ಮಗಳನ್ನು ನೋಡುವ ನೆಪ ಮಾಡಿ ವಾರಕ್ಕೊಮ್ಮೆಯಾದರೂ ಬರುತ್ತಿದ್ದರು, ಬಗಲಲ್ಲೊಂದು ಬಟ್ಟೆ ಚೀಲ. ಚೀಲ ಎಂದರೆ ನನ್ನ ಕೈ ಸುಮ್ಮನಿರುವುದಿಲ್ಲ. ಅವರು ಕಾಲು ತೊಳೆಯಲು ಹೋದ ಹೊತ್ತಿಗೆ ಬಿಚ್ಚಿದೆ. ಮೇಲೆ ಪುಂಡಿ ಪಲ್ಯದ ಸೂಡು, ಅದರ ಕೆಳಗೆ ಜೋಳದ ಹಿಟ್ಟು, ತಳದಲ್ಲಿ ಬಣ್ಣದ ಹಿಡಿಕೆಯ ಜಿಗಿಯುವ ಹಗ್ಗ. ಅಷ್ಟರಲ್ಲಿ ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಯಾಕ ಅಳಿಯಾರ, ಟಿಕೀಟ್ ಇಲ್ದ ಬಂದೀನಂತ ಮಾಡೀರೇನ್ರಿ? ಕೂಸು ಜಿಗಿದಾಡ್ಲಿ ಅಂತ ಹಗ್ಗ ತಂದೀನಿ. ಅದಕ್ಕ ಏನರ ದಂಡ ಅದೇನು?"

ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ಆದರೂ ಹಿಟ್ಟಿನೊಳಗೆ ಉಂಡಿ ಹುದುಗಿಸಿರಬಹುದೇ ಎಂಬ ಯೋಚನೆ ಬಂದೇ ಬಂತು.

ಇದೆಲ್ಲದರ ನಡುವೆ ಮಗಳನ್ನು ದಿನವೂ ತಪಾಸಣೆ ಮಾಡುತ್ತಿದ್ದೆ. ಸಾಲೆಯಿಂದ ಬಂದ ಕೂಡಲೇ "ಕೈ ತೋರ್ಸು, ಜೇಬು ತೋರ್ಸು, ಬಾಯಿ ತೆರಿ" ಅನ್ನುವುದು. ಸ್ವಲ್ಪ ದಿನಕ್ಕೆ ನಾನು ಹೇಳುವುದೇ ಬೇಕಾಗಲಿಲ್ಲ. ಬಾಗಿಲಿಗೆ ಬಂದವಳೇ ಬ್ಯಾಗು ಕೆಳಗಿಟ್ಟು, ಜೇಬು ಹೊರಗೆಳೆದು, ಎರಡೂ ಕೈ ಮುಂದೆ ಚಾಚಿ ಬಾಯಿ ತೆರೆದು ನಿಲ್ಲುತ್ತಿದ್ದಳು. ಮಗು ಶಿಸ್ತು ಕಲಿತಿದೆ ಎಂದುಕೊಂಡೆ.

ಬೇಸಿಗೆ ರಜೆಗೆ ಔರಾದ ತಾಲೂಕಿನ ಡಾಬಕಾಕ್ಕೆ ಹೋದೆವು. ಅಲ್ಲಿ ಹೆಂಡತಿಯ ಅಕ್ಕನ ಮನೆ, ಹೊಲ. ಮಹಾರಾಷ್ಟ್ರದ ಗಡಿ ಅಲ್ಲಿಂದ ಕೂಗಳತೆ, ಅರ್ಧ ಮಾತು ಮರಾಠಿಯಲ್ಲೇ ನಡೆಯುತ್ತದೆ. ಹೋದ ಮೊದಲ ದಿನವೇ ಅಕ್ಕ ಮಗಳಿಗೆ ಬೆಲ್ಲದ ಚೂರು ಕೊಡಲು ಬಂದಳು. ಮಗಳು ಅದನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಅಷ್ಟು ಜನರ ಎದುರು ನನ್ನ ಕಡೆ ಬಾಯಿ ತೆರೆದಳು.

"ಯಾಕವ್ವಾ, ಹಲ್ಲ ನೋವೇನು?" ಎಂದಳು ಅಕ್ಕ. ಎಲ್ಲರೂ ನಕ್ಕರು. ಹೆಂಡತಿ ನಗಲಿಲ್ಲ. ಅವಳು ನನ್ನನ್ನು ನೋಡಿದ ರೀತಿ ನನಗೆ ಹಿಡಿಸಲಿಲ್ಲ.

ಅಲ್ಲಿದ್ದಷ್ಟು ದಿನ ಮಗಳು ದೊಡ್ಡಮ್ಮನ ಮಕ್ಕಳ ಹಿಂದೆ ಬದುವಿನ ಮೇಲೆ ಓಡಿದಳು, ಹಗ್ಗ ಜಿಗಿದಳು, ಹಸಿವಾದಾಗ ಜುಣಕ, ರೊಟ್ಟಿ ಉಂಡಳು. ಯಾರೂ ಅವಳ ಬಾಯಿಯೊಳಗೆ ನೋಡಲಿಲ್ಲ. ಹೊರಡುವ ಹೊತ್ತಿಗೆ ಫ್ರಾಕು ಸಡಿಲವಾಗಿತ್ತು. ನನ್ನ ತಲೆ ಮತ್ತೆ ಓಡಿತು. ಡಾಬಕಾದಲ್ಲಿ ಸರಿಹೋದದ್ದು ಬೀದರಿನಲ್ಲಿ ಕೆಡುತ್ತಿದೆ ಎಂದರೆ ಕಳ್ಳ ಚಿದ್ರಿಯಲ್ಲೇ ಇದ್ದಾನೆ. ಈ ಸಲ ಬಿಡುವುದಿಲ್ಲ ಎಂದುಕೊಂಡೆ.

ಊರಿಗೆ ಬಂದ ವಾರದಲ್ಲೇ ಯಾರದೋ ಗೃಹಪ್ರವೇಶದ ಪೇಢೆ ಬಂತು. ಡಬ್ಬಿಗೆ ತುಂಬಿ ಮಗಳನ್ನು ಅಮ್ಮೀ ಮನೆಗೆ ಕಳಿಸಿ, ಹಿಂದೆಯೇ ಹೊರಟೆ. ಕಿರಾಣಿ ಅಂಗಡಿಯತ್ತ ಅವಳು ತಿರುಗಿಯೂ ನೋಡಲಿಲ್ಲ. ನೇರ ಅಮ್ಮೀ ಮನೆಗೆ ಹೋದಳು. ನಾನು ನಿಂತಿದ್ದ ಆಟೋ ಒಂದರ ಮರೆಯಲ್ಲಿ ಕಾದೆ.

ಹೊರಗೆ ಬಂದಾಗ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ತುಂಬಿದ ಚೀಲ ಯಾವುದು, ಖಾಲಿ ಯಾವುದು ಎಂದು ಹಿಡಿದ ಕೈ ನೋಡಿಯೇ ಹೇಳಬಲ್ಲವನು ನಾನು. ಆ ಡಬ್ಬಿ ತುಂಬಿತ್ತು.

ಓಣಿಯ ತಿರುವಿನಲ್ಲಿ ಒಂದು ನಲ್ಲಿ ಇದೆ. ಮಗಳು ಅದರ ಕಟ್ಟೆಯ ಮೇಲೆ ಕೂತು ಮುಚ್ಚಳ ತೆಗೆದಳು. ಶೀರಾ ಇತ್ತು, ತುಪ್ಪದ ವಾಸನೆ ನನ್ನವರೆಗೂ ಬಂತು. ಅವಳು ತಿನ್ನತೊಡಗಿದಳು. ಆಸೆಗೆ ತಿನ್ನುವ ಮಗು ಹಾಗೆ ತಿನ್ನುವುದಿಲ್ಲ. ಕಹಿ ಔಷಧಿ ಕುಡಿಸಿದಾಗ ಮಾಡುವಂತೆ ಕಣ್ಣು ಮುಚ್ಚಿ ನುಂಗುತ್ತಿದ್ದಳು, ನಡುವೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು, ಮತ್ತೆ ತುತ್ತು ಎತ್ತುತ್ತಿದ್ದಳು. ಡಬ್ಬಿ ಖಾಲಿಯಾದ ಮೇಲೆ ನಲ್ಲಿ ತಿರುಗಿಸಿ ಬೆರಳಿನಿಂದ ತಿಕ್ಕಿ ತಿಕ್ಕಿ ತೊಳೆದಳು.

ಅಮ್ಮೀಯ ಶುಚಿತ್ವ ಎಂದು ನಾನು ಹೊಗಳುತ್ತಿದ್ದ ನೀರು ಅದು.

ನಾನು ಎದುರಿಗೆ ಹೋಗಿ ನಿಂತೆ. ಮಗಳು ಡಬ್ಬಿ ಕೆಳಗಿಟ್ಟಳು. ಓಡಲಿಲ್ಲ, ಅಳಲಿಲ್ಲ. ಒದ್ದೆ ಕೈಗಳೆರಡನ್ನೂ ಮುಂದೆ ಚಾಚಿ ಬಾಯಿ ತೆರೆದಳು. ಕಡೆಯ ತುತ್ತು ಇನ್ನೂ ಬಾಯೊಳಗೇ ಇತ್ತು.

ಬೈಯಬೇಕೆಂದು ಬಂದವನು ಪಕ್ಕದಲ್ಲಿ ಕೂತು, "ಯಾಕವ್ವಾ ತಿಂದಿ?" ಎಂದಷ್ಟೇ ಕೇಳಿದೆ.

"ನನಗ ಬ್ಯಾಡೇ ಆಗಿತ್ತು ಪಪ್ಪಾ," ಎಂದಳು. "ಅಮ್ಮೀ ಹಾಕಿ ಕೊಡ್ತಾರ. ದೊಡ್ಡವರು ಕೊಟ್ರ ಬ್ಯಾಡ ಅನಬಾರದು ಅಂತ ನೀವೇ ಹೇಳೀರಿ. ಮನಿಗಿ ಸಿಹಿ ತರಬಾರದು ಅಂದೀರಿ. ಉಣ್ಣೋದು ಚೆಲ್ಲಿದ್ರ ಪಾಪ ಅಂದೀರಿ. ಮತ್ತ ನಾ ಎಲ್ಲಿ ಇಡ್ಲಿ?"

ನನ್ನ ಮೂರು ಮಾತುಗಳಲ್ಲಿ ಒಂದನ್ನೂ ಮುರಿಯದೆ ಆ ಸಿಹಿಗೆ ಇದ್ದ ಜಾಗ ಅವಳ ಹೊಟ್ಟೆ ಒಂದೇ. ಇಡೀ ಬೀದರಿನಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸುತ್ತಿದ್ದವಳು ಅವಳೊಬ್ಬಳೇ, ನಾನು ದಿನವೂ ಜೇಬು ತಡಕುತ್ತಿದ್ದದ್ದು ಅವಳದನ್ನೇ. ಅವಳನ್ನು ಎತ್ತಿಕೊಂಡೆ. ಭಾರವಿದ್ದಳು. ನನಗೆ ಅಳು ಬಂತು, ಓಣಿಯವರು ನೋಡಿದರು, ನೋಡಲಿ ಬಿಡಿ.

ಹಾಗೆಯೇ ಅಮ್ಮೀ ಮನೆಗೆ ಹೋದೆ. ಸಂಗತಿ ಕೇಳಿ ಅವರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಯಾ ಅಲ್ಲಾ! ಖಾಲಿ ಡಬ್ಬಾ ವಾಪಸ್ ಕಳಸ್ಲಾಕ ನಮಗ ಮನಸ್ಸು ಬರ್ತದೇನ್ ಭಯ್ಯಾ? ನೀವು ಕಳಸ್ತಿದ್ರಿ, ನಾ ಹಾಕ್ತಿದ್ದೆ. ನಿಮ್ಮ ಮನಿಯಾಕಿ ಮಾತಾಡೋದು ಬಿಟ್ಳು, ನಾ ಹಾಕಿದ್ದು ನಿಮಗ ರುಚಿ ಹತ್ತಲ್ಲೇನೋ ಅಂತ ತುಪ್ಪ ಜಾಸ್ತಿ ಹಾಕ್ಲಾಕ ಹತ್ತಿದೆ."

ಕೊಟ್ಟ ಪಾತ್ರೆಯನ್ನು ಬರಿದಾಗಿ ಮರಳಿಸಬಾರದು ಎಂಬುದು ನನ್ನ ತಾಯಿಯ ಮನೆಯಲ್ಲೂ ಇದ್ದ ಪದ್ಧತಿ. ಹೆಂಡತಿಗೆ ನೆನಪಿತ್ತು, ಅದಕ್ಕೇ ಅವಳಿಗೆ ನೋವಾಗಿತ್ತು. ಪಾತ್ರೆ ಮರಳಿಸುವ ಕೆಲಸ ಎಂದೂ ಮಾಡದ ನನಗೆ ಅದು ಹೊಳೆದಿರಲೇ ಇಲ್ಲ. ಆ ಸಂಜೆ ಹೆಂಡತಿ ಅಮ್ಮೀ ಮನೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ.

ಡಬ್ಬಿ ಈಗಲೂ ಓಡಾಡುತ್ತದೆ. ನಮ್ಮಿಂದ ಹೆಸರುಕಾಳಿನ ಉಸಳಿ ಹೋಗುತ್ತದೆ, ಅಲ್ಲಿಂದ ಪೇರಲ ಹಣ್ಣೋ ಕುದಿಸಿದ ಶೇಂಗಾವೋ ಬರುತ್ತದೆ. ಬಂದದ್ದನ್ನು ಎಲ್ಲರೂ ಕೂತು ತಿನ್ನುತ್ತೇವೆ. ಹಬ್ಬದ ದಿನ ಹೋಳಿಗೆ ಮಾಡುತ್ತೇವೆ, ಮಗಳಿಗೂ ಬಡಿಸುತ್ತೇವೆ. ಭಜಿಯನ್ನು ನಾನು ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಸಂಜೆ ಓಣಿಯಲ್ಲಿ ಅಮ್ಮೀಯ ಮೊಮ್ಮಕ್ಕಳು, ಮಗಳು, ನಾನು ಸರದಿಯಲ್ಲಿ ಹಗ್ಗ ಜಿಗಿಯುತ್ತೇವೆ. ನನ್ನ ಹೊಟ್ಟೆ ನನಗಿಂತ ತಡವಾಗಿ ನೆಲ ಮುಟ್ಟುತ್ತದೆ ಎಂದು ಅಂಗಡಿಯವನು ಆಡಿಕೊಳ್ಳುತ್ತಾನೆ. ಮಗಳ ಉಸಿರು ಹಗುರಾಗಿದೆ, ಡಾಕ್ಟರಮ್ಮನೂ ತಲೆದೂಗಿದರು.

ಆದರೆ ಚಾಚಿದ ಕೈ ಅಷ್ಟು ಸುಲಭಕ್ಕೆ ಇಳಿಯಲಿಲ್ಲ. "ಇನ್ನ ತೋರ್ಸಬ್ಯಾಡವ್ವಾ" ಎಂದು ಎಷ್ಟು ಹೇಳಿದರೂ ಬಾಗಿಲಿಗೆ ಬಂದ ಕೂಡಲೇ ಜೇಬು ಹೊರಗೆಳೆದು, ಬಾಯಿ ತೆರೆದು ನಿಲ್ಲುತ್ತಿದ್ದಳು. ಈಗ ಬಸ್ಸಿನಲ್ಲಿ ಯಾರಾದರೂ ಮುದುಕಿ ಗಾಬರಿಯಿಂದ ಸೆರಗಿನ ಗಂಟು ಬಿಚ್ಚತೊಡಗಿದರೆ "ಸಾವಕಾಶ ತೆಗೀರಿ, ಅವಸರಿಲ್ಲ" ಅನ್ನುತ್ತೇನೆ. ಕಂಡಕ್ಟರುಗಳು ನನಗೇನೋ ಆಗಿದೆ ಎಂದು ಸಂಶಯಪಡುತ್ತಿದ್ದಾರೆ.

ಮೊನ್ನೆ ಸಾಲೆಯಿಂದ ಬಂದವಳು ಬ್ಯಾಗು ಮೂಲೆಗೆ ಎಸೆದು, ಹಗ್ಗ ಎಳೆದುಕೊಂಡು, "ಪಪ್ಪಾ, ಲಗೂ ಬರ್ರಿ" ಎಂದು ಕೂಗುತ್ತ ನನ್ನ ಪಕ್ಕದಿಂದಲೇ ಹೊರಗೆ ಓಡಿದಳು. ಕೈ ಚಾಚಲಿಲ್ಲ. ಬಾಯಿ ತೆರೆಯಲಿಲ್ಲ. ಫ್ರಾಕಿನ ಜೇಬು ಉಬ್ಬಿತ್ತು, ನಾನು ಕಣ್ಣಾರೆ ಕಂಡೆ. ಚಾಕಲೇಟೇ ಇರಬೇಕೆಂದು ನನಗೆ ಈಗಲೂ ಬಲವಾದ ಸಂಶಯ. ನನ್ನ ಕೈ ಮೇಲೆದ್ದದ್ದೂ ನಿಜ. ಆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅವಳ ಹಿಂದೆ ಓಣಿಗೆ ಇಳಿದೆ.