ಏಳನೆಯ ತರಗತಿಗೆ ಓದು ಕಲಿಸಿದ ದಾನೇಶ್ವರಿ ಅಕ್ಕೋರು

ಬಡವರ ಮಕ್ಕಳೇ ತುಂಬಿದ ಹಳ್ಳಿಯ ಶಾಲೆಗಳಲ್ಲಿ ಮಕ್ಕಳನ್ನು ತರಗತಿಯಿಂದ ತರಗತಿಗೆ ದಾಟಿಸಿದವರು ಬಹಳ ಮಂದಿ. ಓದು ಕಲಿಸಿಯೇ ದಾಟಿಸಬೇಕೆಂದು ಹಟ ಹಿಡಿದವರು ವಿರಳ. ಬಸವನ ಬಾಗೇವಾಡಿ, ಸಿಂದಗಿ ತಾಲೂಕುಗಳಲ್ಲಿ ಮೂರು ದಶಕಕ್ಕೂ ಹೆಚ್ಚು ಕಾಲ ಸೇವೆ ಸಲ್ಲಿಸಿ ಈ ವರ್ಷ ನಿವೃತ್ತರಾಗುತ್ತಿರುವ ಶಿಕ್ಷಕಿ ಶ್ರೀಮತಿ ದಾನೇಶ್ವರಿ ಅಕ್ಕೋರು ಆ ವಿರಳರ ಪೈಕಿಯವರು.

ಮನಗೂಳಿಯಲ್ಲಿ ಹುಟ್ಟಿ ಬೆಳೆದ ಅವರು ೧೯೯೬ರಲ್ಲಿ ಸಿಂದಗಿ ಸೀಮೆಯ ಸಣ್ಣ ಊರೊಂದರ ಕನ್ನಡ ಶಾಲೆಗೆ ಮುಖ್ಯಾಧ್ಯಾಪಕಿಯಾಗಿ ಬಂದರು. ಸುಗ್ಗಿ ಮುಗಿದೊಡನೆ ಅರ್ಧ ಊರು ಗೋವಾಕ್ಕೆ ದುಡಿಯಲು ಹೋಗುತ್ತಿತ್ತು, ಮಕ್ಕಳೂ ಹೋಗುತ್ತಿದ್ದರು. ಏಳನೆಯ ತರಗತಿಗೆ ಹೊಸ ಪಾಠವೊಂದನ್ನು ಓದಲು ಕೊಟ್ಟಾಗ ಹೆಚ್ಚಿನವರಿಗೆ ಒಂದು ಸಾಲೂ ಓದಲು ಬರಲಿಲ್ಲ. ಅಕ್ಕೋರು ಪಠ್ಯವನ್ನು ಬದಿಗಿಟ್ಟು ಅಕ್ಷರದಿಂದಲೇ ಆರಂಭಿಸಿದರು.

"ಏಳನೇತ್ತೆ ಹುಡುಗರಿಗೆ ಕ ಕಾ ಕಲಸಾಕತ್ತೀರೇನ್ರಿ? ಪರೀಕ್ಷಾದಾಗ ಊರ ಮಾನ ಹೋಗತೈತ್ರಿ" ಎಂದು ಊರ ಹಿರಿಯ ಸಿದ್ದರಾಯರು ಶಾಲೆಯ ಬಾಗಿಲಿಗೇ ಬಂದು ಎಚ್ಚರಿಸಿದರು.

ಆಗ ಏಳನೆಯ ತರಗತಿಗಿದ್ದ ಪಬ್ಲಿಕ್ ಪರೀಕ್ಷೆಯ ದಿನ ಉತ್ತರ ಹೇಳಿಕೊಡೋಣವೆಂದು ಸಹೋದ್ಯೋಗಿಗಳು ಎಷ್ಟು ಒತ್ತಾಯಿಸಿದರೂ ಅವರು ಒಪ್ಪಲಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಪಾಸಾದರು. ಮೇಲಧಿಕಾರಿಗಳು ಎಲ್ಲರೆದುರು ಗದರಿದರು.

ನಪಾಸಾದವರಲ್ಲಿ ಮುಬೀನಾ ಒಬ್ಬಳು. ಸಿಂದಗಿ ಪೇಟೆಯಲ್ಲಿ ಹಮಾಲಿ ಮಾಡುವ ತಂದೆ ಮೋದಿನಸಾಬ ಅವಳ ಮದುವೆಗೆ ಗಂಡು ನೋಡುತ್ತಿದ್ದಾನೆಂದು ತಿಳಿದು ಅಕ್ಕೋರು ಅವನ ಮನೆಗೆ ಹೋದರು.

"ಅವತ್ತ ಎರಡ ಮಾತ ಹೇಳಿಕೊಟ್ಟಿದ್ರ ನನ್ನ ಮಗಳು ಪಾಸ ಆಕ್ಕಿದ್ಲಲ್ರಿ ಅಕ್ಕೋರ. ಈಗ್ಯಾಕ ಬಂದ್ರಿ?"

ಆ ಮಾತು ಸುಳ್ಳಾಗಿರಲಿಲ್ಲ. ಅಕ್ಕೋರು ಆ ಮನೆಯಲ್ಲೇ ಬಿದ್ದಿದ್ದ, ಅಂಗಡಿಯವರು ಬೆಲ್ಲ ಕಟ್ಟಿಕೊಟ್ಟಿದ್ದ ಹಳೆಯ ಪತ್ರಿಕೆಯ ಹಾಳೆಯನ್ನು ಮುಬೀನಾಳ ಕೈಗಿತ್ತು, "ಓದವ್ವ, ನಿಮ್ಮಪ್ಪ ಕೇಳ್ಲಿ" ಎಂದರು. ಅವಳು ತಡವರಿಸುತ್ತ, ಒತ್ತಕ್ಷರ ಬಂದಲ್ಲಿ ನಿಂತು ತಿದ್ದಿಕೊಳ್ಳುತ್ತ, ತೊಗರಿ ಧಾರಣೆಯ ಸುದ್ದಿ ಓದಿದಳು.

"ಬಾಯಿಪಾಠ ಮಾಡಿದ್ದೇನ?" ಎಂದ ಮೋದಿನಸಾಬ.

"ಇಲ್ಲ ಅಬ್ಬಾ, ಈಗ ನೋಡಿ ಓದಾಕತ್ತೇನಿ."

ಅವನು ಮಗಳ ಮುಖವನ್ನೇ ನೋಡಿದ. "ಇನ್ನೊಂದ ವರ್ಷ ಕಳಸ್ತೇನ್ರಿ" ಎಂದ.

ಮರುವರ್ಷ ಅವಳು ಯಾರ ನೆರವೂ ಇಲ್ಲದೆ ಪಾಸಾದಳು; ಇಂದು ಇಂಡಿ ಪಟ್ಟಣದ ಆಸ್ಪತ್ರೆಯೊಂದರಲ್ಲಿ ನರ್ಸ್. ಆದರೆ ಅದೇ ತರಗತಿಯ ಖಂಡೆಪ್ಪ, ದಾವಲಮಲಿಕ ನಪಾಸಾದ ಬೇಸಿಗೆಯಲ್ಲಿ ಗೋವಾಕ್ಕೆ ಹೋದವರು ಮತ್ತೆ ಶಾಲೆಗೆ ಬರಲೇ ಇಲ್ಲ. ನಿವೃತ್ತಿಯ ಈ ಸನ್ಮಾನದ ಮಾತನ್ನು ನಾವು ಎತ್ತಿದಾಗ ಅಕ್ಕೋರು ಮೊದಲು ನೆನೆದದ್ದು ಅವರನ್ನೇ: "ಆ ಇಬ್ಬರಿಗೆ ನಾ ಏನ ಹೇಳ್ಲಿ?"

ಅಂಥ ಮಕ್ಕಳು ಇನ್ನೂ ಇದ್ದಾರೆ. ಅವರ ನಡುವೆ ಕುಳಿತು ಕಲಿಸುವಷ್ಟು ಆಯುಷ್ಯ, ಕಣ್ಣು, ಕಂಠ ಅಕ್ಕೋರಿಗೆ ಬಹುಕಾಲ ಇರಲಿ.