ಮಸ್ಕತ್ ಹೊಗಳಿದ ದೇವಿರಮ್ಮ

ದೇವಿರಮ್ಮ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನದನ್ನು ಕೇಳಿದರೆ ಯಾರಿಗಾದರೂ ಹಾಗನ್ನಿಸುತ್ತದೆ. ಹಲಗೂರಿನಿಂದ ಒಳಕ್ಕೆ ಹೋದರೆ ಸಿಗುವ ಆ ಊರಿನಲ್ಲಿ ಬಾಣಂತಿಗೆ ಎಣ್ಣೆ ನೀರು ಹಾಕಬೇಕೆಂದರೆ ಅವಳೇ ಬರಬೇಕು, ಸಾವಾದ ಮನೆಗೆ ಮೊದಲು ಅನ್ನ ಬೇಯಿಸಿ ಕಳಿಸುವವಳೂ ಅವಳೇ. ಕೈ ದೊಡ್ಡದು, ಬಾಯಿಯೂ ದೊಡ್ಡದು. ಅವಳಿಗಿದ್ದ ಕಾಯಿಲೆ ಒಂದೇ, ವಾರಗಿತ್ತಿ ಶಶಿರೇಖಾ.

ದೇವಿರಮ್ಮನ ಗಂಡ ಚಿಕ್ಕಬೋರಯ್ಯ ಮನೆಗೆ ಹಿರಿಯ, ಶಶಿರೇಖಾಳ ಗಂಡ ಶಿವರಾಮು ಕಿರಿಯ. ಅವರ ಕಡೆಯ ಪದ್ಧತಿಯಲ್ಲಿ ಹಿರಿಯವನು ಪಾಲು ಮಾಡಬೇಕು, ಕಿರಿಯವನು ಮೊದಲು ಆರಿಸಿಕೊಳ್ಳಬೇಕು. ಪಾಲು ಮಾಡುವವನು ಮೋಸ ಮಾಡದಿರಲಿ ಎಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಚೆನ್ನಾಗಿಯೇ ಇದೆ, ಕಿರಿಯವನ ಹೆಂಡತಿಗೆ. ಹೊಲ ಭಾಗವಾದಾಗ ಕಾಲುವೆ ಪಕ್ಕದ್ದು ಅವರಿಗೆ ಹೋಯಿತು. ಎಮ್ಮೆಗಳಲ್ಲಿ ಹಾಲು ಕೊಡುವುದು ಅವರಿಗೆ, ಒದೆಯುವುದು ಇವರಿಗೆ. ಇಷ್ಟಾದರೂ ಎದುರು ಸಿಕ್ಕಾಗಲೆಲ್ಲ ಶಶಿರೇಖಾ "ಊಟ ಆಯ್ತಾ ಅಕ್ಕ?" ಎಂದು ನಗುತ್ತಾಳೆ. ಜಗಳಕ್ಕಾದರೂ ಬಂದಿದ್ದರೆ ದೇವಿರಮ್ಮನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಊರವರು ಶಶಿರೇಖಾಳ ಗುಣ ಹಾಡಿ ಹೊಗಳುವಾಗ ಇವಳ ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಹೀಗಿರುವಾಗ ವೈನ್ ಕಂಪನಿಯೊಂದು ಊರಿಗೆ ಬಂತು. ಕಬ್ಬು, ರಾಗಿ, ಹಿಪ್ಪುನೇರಳೆ ಕಂಡ ನೆಲದಲ್ಲಿ ಘಮ್ಮೆನ್ನುವ ಬಿಳಿ ದ್ರಾಕ್ಷಿ ಬಂದೀತೇ ಎಂದು ಪರೀಕ್ಷಿಸಲು ಅಣ್ಣತಮ್ಮಂದಿರ ಹೊಲಗಳನ್ನೇ ಆರಿಸಿತು. ಕಂಪನಿಯ ಪ್ರಸನ್ನ ಎರಡು ಜಾತಿಯ ಹಣ್ಣನ್ನು ಡಬ್ಬಿಯಲ್ಲಿ ತಂದು ಜಗುಲಿಯ ಮೇಲಿಟ್ಟ. ಒಂದು ಮಸ್ಕತ್, ಇನ್ನೊಂದು ವಿಯೋನಿಯೇ. ಎರಡನೆಯ ಹೆಸರಿಗೆ ನಾಲಿಗೆ ಹೊರಳದೆ ಊರಿನವರ ಬಾಯಲ್ಲಿ ಅದು ವಿಯೋನಿ ಆಯಿತು.

"ಎಂಡದ ದ್ರಾಕ್ಷಿನಾ?" ದೇವಿರಮ್ಮ ಮೂಗು ಮುರಿದಳು.

"ಬೆಳೆಯಾಕೆ ಕಣೆ ಕೊಡ್ತಿರಾದು, ಕುಡಿಯಾಕಲ್ಲ," ಎಂದ ಚಿಕ್ಕಬೋರಯ್ಯ.

ಮಸ್ಕತ್ತಿನ ಡಬ್ಬಿ ತೆಗೆದರೆ ಜಗುಲಿಯೆಲ್ಲ ಮಲ್ಲಿಗೆ, ಜೇನು. ವಿಯೋನಿಯದು ಹಾಗೆ ಮೈಮೇಲೆ ಬೀಳುವ ವಾಸನೆಯಲ್ಲ. ಹಣ್ಣು ಬಾಯಿಗೆ ಹಾಕಿ ಅಗಿದ ಮೇಲೆ ಮೆಲ್ಲಗೆ ಸಂಪಿಗೆಯಂಥ ಘಮ ಮೂಗಿಗೇರುತ್ತಿತ್ತು. ಪ್ರಸನ್ನ ಮುಚ್ಚುಮರೆ ಮಾಡಲಿಲ್ಲ. ಮಸ್ಕತ್ ಕೇಳಿದಷ್ಟು ಬಿಡುತ್ತದೆ, ಸಾಧು ಗಿಡ. ವಿಯೋನಿ ಕಡಿಮೆ ಬಿಡುತ್ತದೆ, ಬಿಸಿಲು ಹೆಚ್ಚಾದರೆ ಮುನಿಯುತ್ತದೆ, ಕೊಯ್ಲು ಒಂದು ದಿನ ತಡವಾದರೂ ಘಮ ಕೈಬಿಡುತ್ತದೆ. ಆದರೆ ಚೆನ್ನಾಗಿ ಬಂದರೆ ಅದಕ್ಕಿರುವ ಮರ್ಯಾದೆಯೇ ಬೇರೆ. ಒಂದು ಹೊಲಕ್ಕೆ ಒಂದೇ ಜಾತಿ, ಬೆರೆಸುವಂತಿಲ್ಲ.

ಮರ್ಯಾದೆ ಎಂಬ ಮಾತು ದೇವಿರಮ್ಮನ ಕಿವಿಗೆ ಬಿದ್ದದ್ದೇ ತಡ, ಅವಳಿಗೆ ವಿಯೋನಿ ಬೇಕಾಯಿತು. ಆದರೆ ಆರಿಸುವವರು ಅವರು. ಬೇಕು ಎಂದು ಬಾಯಿಬಿಟ್ಟರೆ ಕಾಲುವೆ ಹೊಲದ ಹಾಗೆ ಅದೂ ಆ ಕಡೆಗೇ ಹೋಗುತ್ತದೆ. ಅದಕ್ಕೆ ಅವಳೊಂದು ಹೂಟ ಹೂಡಿದಳು. ಮಾರನೆಯ ಬೆಳಿಗ್ಗೆ ಹಾಲಿನ ಡೈರಿಯಲ್ಲಿ, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದ ಪಟ್ಟಲಮ್ಮನ ಪಕ್ಕವೇ ನಿಂತು, ಮಸ್ಕತ್ತನ್ನು ಹೊಗಳಿದಳು.

"ಅಯ್ಯೋ ಆ ಘಮ ಏನ್ ಕೇಳ್ತೀಯ ಪಟ್ಟಲಮ್ಮ. ಬೆಳುದ್ರೆ ಅದುನ್ನೇ ಬೆಳೀಬೇಕು. ನಮ್ಗೆ ಸಿಕ್ತದಾ ಬುಡು, ನಮ್ ಅಣೇಬರ."

ಡೈರಿಯ ಹಾಲು ಲಾರಿ ಹತ್ತುವ ಮುಂಚೆಯೇ ಮಾತು ಶಶಿರೇಖಾಳ ಮನೆ ಮುಟ್ಟಿತು. ಇನ್ನು ಮಸ್ಕತ್ತನ್ನು ಅವಳು ಬಾಚಿಕೊಳ್ಳದೆ ಇರುತ್ತಾಳೆಯೇ ಎಂದು ದೇವಿರಮ್ಮ ಒಳಗೊಳಗೇ ಹಿಗ್ಗಿದಳು.

ಆರಿಸುವ ದಿನ ಚಿಕ್ಕಬೋರಯ್ಯ ಪದ್ಧತಿಯಂತೆ ಎರಡು ಸಸಿಗಳನ್ನು ಜಗುಲಿಯ ಮೇಲಿಟ್ಟು ಹಿಂದೆ ಸರಿದ. ಶಿವರಾಮು ಹೆಂಡತಿಯ ಮುಖ ನೋಡಿದ.

"ನಮ್ಗೆ ವಿಯೋನಿನೇ ಇರ್ಲಿ ಬಾವ," ಎಂದಳು ಶಶಿರೇಖಾ, ಅದೇ ನಗು ನಗುತ್ತ. "ಅಕ್ಕಂಗೆ ಮಸ್ಕತ್ ಇಷ್ಟವಂತೆ. ಅವ್ರೇ ಇಟ್ಕಳ್ಳಿ."

ನೆರೆದವರೆಲ್ಲ ಎಂಥ ಗುಣ, ಎಂಥ ಗುಣ ಎಂದು ತಲೆದೂಗಿದರು. ದೇವಿರಮ್ಮ ತಾನೇ ಹೊಗಳಿದ್ದ ಸಸಿಯನ್ನು ಎತ್ತಿಕೊಂಡು ನಗಬೇಕಾಯಿತು. ಕಾಲುವೆ ಹೋಯಿತು, ಎಮ್ಮೆ ಹೋಯಿತು, ವಿಯೋನಿಯೂ ಹೋಯಿತು. ಒಳ್ಳೆಯವಳು ಅನ್ನಿಸಿಕೊಳ್ಳುವುದೂ ಅವಳ ಪಾಲಿಗೇ ಹೋಯಿತಲ್ಲ ಎಂದು ಆ ಹೊತ್ತು ದೇವಿರಮ್ಮನಿಗೆ ಅನ್ನ ಇಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ತನ್ನ ಬಳ್ಳಿಗಿಂತ ಬದುವಿನ ಆಚೆಯ ಬಳ್ಳಿಯನ್ನೇ ಹೆಚ್ಚು ನೋಡಿದಳು. ಅವರದು ಚಪ್ಪರದ ತಂತಿ ಹತ್ತಿದರೆ ಇವಳಿಗೆ ತಲೆನೋವು. ಅವರದು ಚಿಗುರಿದರೆ ಗಂಡನ ಮೇಲೆ ಕೂಗಾಟ. ಇತ್ತ ಮಸ್ಕತ್ ಮಾತ್ರ ಯಾರ ಹಂಗಿಲ್ಲದೆ ಬೆಳೆದು, ಮೂರನೆಯ ವರ್ಷದ ಬೇಸಿಗೆಗೆ ಕಂಬ ಬಾಗುವಷ್ಟು ಗೊಂಚಲು ಬಿಟ್ಟಿತು. ಹಾದಿಯಲ್ಲಿ ಹೋಗುವವರು ಬೈಕು ನಿಲ್ಲಿಸಿ ಘಮಕ್ಕೆ ಮೂಗರಳಿಸುತ್ತಿದ್ದರು. ವಿಯೋನಿ ಅಲ್ಲೊಂದು ಇಲ್ಲೊಂದು ಗೊಂಚಲು ಬಿಟ್ಟು, ಬಿಸಿಲಿಗೆ ಬೆಂದು, ಕೊಯ್ಯುವ ಹೊತ್ತಿಗೆ ಸಂಪಿಗೆಯೂ ಇಲ್ಲ ಎಂಥದೂ ಇಲ್ಲ. ಪ್ರಸನ್ನ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಉಗಿದು, ಮಸ್ಕತ್ತಿನ ಹೊಲದ ಕಡೆ ನಡೆದ.

ಕೊನೆಗೂ ತನ್ನದು ಮೇಲಾಯಿತು. ಇನ್ನು ದೇವಿರಮ್ಮನಿಗೆ ಬೇಕಾಗಿದ್ದುದು ಒಂದೇ, ಶಶಿರೇಖಾಳ ಮುಖ ಒಂದು ಸಲ ಬಾಡುವುದನ್ನು ನೋಡಬೇಕು.

ಮಸ್ಕತ್ ಕೊಯ್ಲಿನ ಬೆಳಿಗ್ಗೆ ಶಶಿರೇಖಾ ಮುಯ್ಯಾಳಾಗಿ ಬಂದಳು. ಇವತ್ತು ನಿಮ್ಮ ಹೊಲದಲ್ಲಿ ನಾನು, ನಾಳೆ ನಮ್ಮ ಹೊಲದಲ್ಲಿ ನೀವು ಎಂಬ ಲೆಕ್ಕ ಅದು. ತಲೆಗೆ ಬಟ್ಟೆ ಕಟ್ಟಿಕೊಂಡು ಸಾಲು ಹಿಡಿದಳು. ದೇವಿರಮ್ಮ ಎದುರು ಸಾಲಿನಲ್ಲಿ ನಿಂತು ಎಲೆಯ ಸಂದಿನಿಂದ ಅವಳ ಮುಖವನ್ನೇ ನೋಡುತ್ತಿದ್ದಳು. ಬಾಡಿಲ್ಲ. "ಏನ್ ಗೊಂಚ್ಲು ಅಕ್ಕ," ಎಂದು ಮೆಚ್ಚುತ್ತ ಕ್ರೇಟು ತುಂಬಿಸುತ್ತಿದ್ದಾಳೆ. ದೇವಿರಮ್ಮನಿಗೆ ತಡೆಯಲಾಗಲಿಲ್ಲ.

"ನೀನು ಮನುಷ್ಯಳೇನಮ್ಮಿ? ನಿಮ್ದು ಅಂಗ್ ಒಣಗೋಗದೆ, ನಮ್ದು ಇಂಗ್ ತೊನೀತಾ ಅದೆ. ಒಂದ್ ಚೂರೂ ಒಟ್ಟೆಕಿಚ್ಚು ಆಗಲ್ವಾ ನಿಂಗೆ?"

ಶಶಿರೇಖಾಳ ಕತ್ತರಿ ನಿಂತಿತು. ಸುತ್ತ ಯಾರಿದ್ದಾರೆಂದು ನೋಡಿದಳು. ಮುಖದ ನಗು ಹೋಯಿತು.

"ಆಗದೆ ಏನಕ್ಕ," ಎಂದಳು ತಗ್ಗಿದ ದನಿಯಲ್ಲಿ. "ನೀವು ಡೈರೀಲಿ ಮಸ್ಕತ್ ಒಗಳುದ್ರಿ ಅಂತ ಪಟ್ಟಲಮ್ಮ ಬಂದು ಏಳುದ್ಲು. ನೀವು ಬಾಯ್ತುಂಬ ಒಗಳ್ತೀರಿ ಅಂದ್ರೆ ಒಳ್ಗೆ ಬೇಕಾಗಿರಾದು ಇನ್ನೊಂದು ಅಂತ ನಂಗೊತ್ತಿಲ್ವಾ? ಅದ್ಕೇ ವಿಯೋನಿ ತಗಂಡೆ. ನಿಮ್ಗೆ ಸಿಗಬಾರ್ದು ಅಂತ. ಈಗ ಬದ ದಾಟಿ ಈ ವಾಸ್ನೆ ಬಂದ್ರೆ ಉಂಡಿದ್ದು ಅರಗಲ್ಲ. ಮನೇಲಿ ಕುಂತ್ರೆ ಇನ್ನೂ ಉರೀತದೆ ಅಂತ ಕುಯ್ಯಕ್ಕೆ ಬಂದೆ."

ದೇವಿರಮ್ಮನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಹಾಗಾದರೆ ಇವಳೂ ನನ್ನಂಥವಳೇ ಎಂದುಕೊಂಡಳು. ಶಶಿರೇಖಾ ಮನೆಗೆ ಸೊಸೆಯಾಗಿ ಬಂದಂದಿನಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು ಉಸಿರು ಸಲೀಸಾಗಿ ಆಡಿತು. ತನ್ನ ಸಾಲು ಬಿಟ್ಟು, ಬಳ್ಳಿಯ ಕೆಳಗೆ ನುಸುಳಿ, ವಾರಗಿತ್ತಿಯ ಪಕ್ಕಕ್ಕೆ ಬಂದು ಕ್ರೇಟು ಮಗುಚಿ ಕೂತಳು. ಅವಳಿಗೂ ಜಾಗ ಬಿಟ್ಟಳು.

"ನಿಜ್ವಾಗ್ಲೂ ಉರೀತದಾ?"

"ಉರೀತದೆ ಕಣಕ್ಕ."

"ಇನ್ನೊಂದ್ ಸಲಿ ಏಳು," ಎಂದಳು ದೇವಿರಮ್ಮ.