ಹೆರನ್ಸ್ ತಂಡದ ಒಂಬತ್ತನೆಯವರು

ಬೇಸ್‌ಬಾಲ್ ಎಂದರೆ ಕ್ರಿಕೆಟ್ ಬಾರದವರ ಆಟವೆಂದು ಮೂಗು ಮುರಿಯುವವರೇ ತುಂಬಿರುವ ಲ್ಯಾಂಕಷೈರ್ ಸೀಮೆಯಲ್ಲಿ, ಸಂಬಳವಿಲ್ಲದ, ಬಿರುದಿಲ್ಲದ, ಬೈಗುಳ ಮಾತ್ರ ಧಾರಾಳವಾಗಿ ಸಿಗುವ ಕಾರ್ಯದರ್ಶಿ ಹುದ್ದೆಯನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ನಗುನಗುತ್ತಾ ನಿರ್ವಹಿಸಿ ಈಗ ನಿವೃತ್ತರಾಗುತ್ತಿರುವ ಶ್ರೀಮತಿ ಮೇವಿಸ್ ಥ್ರೆಲ್‌ಫಾಲ್ ಅವರ ಸ್ಥಾನ ಹಿರಿದು. ಹ್ಯಾಸ್ಲಮ್ ಊರಿನ ಹೆರನ್ಸ್ ಬೇಸ್‌ಬಾಲ್ ಕ್ಲಬ್ಬಿಗೆ ಚರಿತ್ರೆ ಎಂಬುದೊಂದು ಇದ್ದರೆ ಅದು ಅವರು ಸಾಕಿದ ಕೂಸು.

ಕ್ಲಬ್ಬನ್ನು ಹುಟ್ಟುಹಾಕಿದವರು ಅವರ ಪತಿ, ಬಸ್ ಚಾಲಕರಾಗಿದ್ದ ವಿಲ್ಫ್ರೆಡ್. ಗಂಡನ ಹುಚ್ಚಾಟವನ್ನು ಒಮ್ಮೆ ನೋಡಿ ಬರೋಣವೆಂದು ಫ್ಲಾಸ್ಕಿನಲ್ಲಿ ಟೀ ಹಿಡಿದು ಮೈದಾನಕ್ಕೆ ಬಂದ ಮೇವಿಸ್ ಮರಳಿ ಹೋಗಲೇ ಇಲ್ಲ ಎನ್ನಬೇಕು. ಪುರಸಭೆಯ ಆ ಮೈದಾನದಲ್ಲಿ ಸುಣ್ಣದ ಗೆರೆ ಎಳೆದವರು ಅವರು. ನಾಯಿ ಅಡ್ಡಾಡಿಸಲು ಬಂದವರನ್ನು ವಿನಯದಿಂದಲೇ ಗದರಿ ಆಚೆ ಕಳಿಸಿದವರೂ ಅವರೇ. ಆಟದ ನಟ್ಟನಡುವೆ ಎರಡೂ ತಂಡಗಳನ್ನು ಟೀಗೆ ಕೂರಿಸುವ, ಬೇಸ್‌ಬಾಲಿನ ಯಾವ ನಿಯಮದಲ್ಲೂ ಇಲ್ಲದ ಪದ್ಧತಿ ಅವರು ತಂದದ್ದು. ನಮ್ಮ ಈಗಿನ ನಾಯಕ, ಕೊಳಾಯಿ ಕೆಲಸದ ಕ್ಲೈವ್ ಡಕ್ಸ್‌ಬರಿ, ಕೆಲಸ ಕಳೆದುಕೊಂಡು ಮುಖ ಜೋಲು ಹಾಕಿಕೊಂಡಿದ್ದ ಬೇಸಿಗೆಯಲ್ಲಿ ಮೇವಿಸ್ ವಾರವಾರವೂ ಆಲೂಗಡ್ಡೆ ಪೈ ತಂದು, "ಮಿಕ್ಕಿತ್ತು ಕಣೋ, ತಿಂದು ಮುಗ್ಸು. ಇಲ್ಲಾಂದ್ರೆ ನಾಯಿಗೆ ಹಾಕ್ಬೇಕು," ಎನ್ನುತ್ತಿದ್ದರು. ಅವರ ಮನೆಯಲ್ಲಿ ನಾಯಿಯೇ ಇರಲಿಲ್ಲ.

ವಿಲ್ಫ್ರೆಡ್ ತೀರಿಕೊಂಡ ಮರುವರ್ಷ ಕ್ಲಬ್ಬಿನ ಉಸಿರೇ ನಿಲ್ಲುವುದರಲ್ಲಿತ್ತು. ತಂಡಕ್ಕೆ ಬೇಕಾದ ಒಂಬತ್ತು ಜನ ಸೇರದೆ ಎರಡು ಪಂದ್ಯಗಳನ್ನು ಆಡದೆಯೇ ಬಿಟ್ಟುಕೊಟ್ಟಾಗಿತ್ತು. ಮೂರನೆಯದೂ ಹಾಗಾದರೆ ತಂಡ ಲೀಗಿನಿಂದ ಹೊರಗೆ, ಮೈದಾನ ಬೇರೆಯವರ ಪಾಲು. ಗಂಡ ಬಿಟ್ಟುಹೋದದ್ದು ಇದೊಂದೇ, ಇದೂ ಹೋದರೆ ಭಾನುವಾರಗಳನ್ನು ಕಳೆಯುವುದಾದರೂ ಹೇಗೆ ಎಂಬ ಸಂಕಟ ಮೇವಿಸ್ ಅವರನ್ನು ಹಿಂಡುತ್ತಿತ್ತು. ಆ ದಿನ ಎದುರಾಳಿಗಳು ಬಂದರು, ಅಂಪೈರ್ ಬಂದರು, ನಮ್ಮವರು ಮಾತ್ರ ಎಂಟೇ ಜನ. ಒಂಬತ್ತನೆಯವನಿಗೆ ಅಂದು ಸ್ವಂತ ತಂಗಿಯ ಮದುವೆ. ಅದನ್ನು ಮರೆತು ಆಡಲು ಬರುತ್ತೇನೆಂದು ಮಾತು ಕೊಟ್ಟಿದ್ದ, ಮಹಾನುಭಾವ!

ಅಂಪೈರ್ ಗಡಿಯಾರ ನೋಡತೊಡಗಿದಾಗ, ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಮೇವಿಸ್ ಏಪ್ರನ್ ಬಿಚ್ಚಿಟ್ಟರು. ಆಗ ಅವರಿಗೆ ಅರವತ್ತೆರಡು.

"ಗ್ಲೌಸ್ ಕೊಡೋ ಕ್ಲೈವ್."

"ಅಕ್ಕಾ, ತಮಾಷೆ ಮಾಡ್ತಿದೀರಾ? ಯಾವತ್ತಾದ್ರೂ ಚೆಂಡು ಹಿಡ್ದಿದೀರಾ ನೀವು?"

"ಇಷ್ಟು ವರ್ಷ ನಿಮ್ಮಂಥೋರ್ನ ಹಿಡ್ದಿಟ್ಟಿದೀನಲ್ಲ, ಸಾಲ್ದಾ? ಕೊಡೋ ಇಲ್ಲಿ!"

ಚೆಂಡು ಅಪರೂಪಕ್ಕೆ ಹೋಗುವ ಮೈದಾನದ ಬಲತುದಿಯಲ್ಲಿ ಅವರನ್ನು ನಿಲ್ಲಿಸಿದರು. ಅದು ಚೆಂಡಿಗೂ ಗೊತ್ತಿರಬೇಕಲ್ಲ! ನೇರ ಅಲ್ಲಿಗೇ ಬಂದು, ಅವರ ಕಾಲ ಸಂದಿಯಲ್ಲಿ ನುಸುಳಿ ಬೇಲಿಯತ್ತ ಉರುಳಿತು. ಹೊಡೆದವನು ಎದುರಾಳಿ ತಂಡದ ಧಡೂತಿ ಶಾಲಾ ಮಾಸ್ತರ. ಓಟ ಗಳಿಸಲು ಸುತ್ತಿ ಬರಬೇಕಾದ ನಾಲ್ಕು ಬೇಸ್‌ಗಳಲ್ಲಿ ಒಂದನ್ನು ದಾಟಿ ಇನ್ನೊಂದಕ್ಕೆ ದಡದಡ ಓಡುತ್ತಿದ್ದ. ಚೆಂಡಿನ ಬೆನ್ನು ಹತ್ತಿದ್ದ ಮೇವಿಸ್ ತಿರುಗಿ ಕೂಗಿದರು: "ನಿಲ್ಲೋ ಅಲ್ಲೇ! ಇವತ್ತು ಟೀ ಬೇಡ್ವಾ ನಿಂಗೆ?"

ನಂಬಿದರೆ ನಂಬಿ, ಅವನು ನಿಂತೇಬಿಟ್ಟ. ವರ್ಷಗಟ್ಟಲೆ ಅವರ ಕೈಯ ಕೇಕು ತಿಂದವನು ಪಾಪ, ಇನ್ನೇನು ಮಾಡಿಯಾನು! ಅವನ ತಂಡದವರು ತಲೆ ಚಚ್ಚಿಕೊಂಡರು. ಅಂಪೈರ್ ಬೆನ್ನು ತಿರುಗಿಸಿ ನಕ್ಕರು. ಪಂದ್ಯವನ್ನೇನೋ ಹೆರನ್ಸ್ ಹೀನಾಯವಾಗಿ ಸೋತಿತು. ಸೋತರೇನಂತೆ, ಆಡಿ ಸೋತಿತು, ಕ್ಲಬ್ಬು ಉಳಿಯಿತು. ಮೇವಿಸ್ ಟೀ ಮೇಜಿನ ಹಿಂದೆ ನಿಂತು ಅತ್ತರು, ನಕ್ಕರು, ಆ ಮಾಸ್ತರನ ತಟ್ಟೆಗೆ ಎರಡು ತುಂಡು ಕೇಕು ಹಾಕಿದರು.

ಮೊನ್ನೆಯ ಬೀಳ್ಕೊಡುಗೆ ಸಭೆಯಲ್ಲಿ ಕ್ಲೈವ್, "ಇನ್ಮೇಲಾದ್ರೂ ಮನೇಲಿ ಕಾಲು ಚಾಚ್ಕೊಂಡು ಕೂತ್ಕೊಳ್ಳಿ ಅಕ್ಕಾ," ಎಂದದ್ದೇ ತಡ, ಎಪ್ಪತ್ತೈದರ ಮೇವಿಸ್ ಕಣ್ಣು ಕೆಕ್ಕರಿಸಿ, "ನಾನು ಬಿಟ್ಟಿದ್ದು ಕಾರ್ಯದರ್ಶಿ ಕೆಲ್ಸ ಕಣೋ, ಆಟ ಅಲ್ಲ," ಎಂದರು. ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಅವರಿಗೆ ನೂರು ವರ್ಷದ ಆಯುಸ್ಸು, ತುಂಬು ಆರೋಗ್ಯ, ಅದಕ್ಕೂ ಮಿಗಿಲಾಗಿ ಗಟ್ಟಿಮುಟ್ಟಾದ ಮಂಡಿಗಳು ಇರಲೆಂದು ಹೆರನ್ಸ್ ಬಳಗ ಮನಸಾರೆ ಹಾರೈಸುತ್ತದೆ. ಬರುವ ಭಾನುವಾರ ನಾವು ಮತ್ತೆ ಎಂಟೇ ಜನ ಇದ್ದೇವೆ.